ಹಿತ್ತಿಲ ಬಾಗಿಲಿಂದ ಬಂದ ಡೇಟಾ

ರಾತ್ರಿ ಹನ್ನೊಂದೂವರೆಗೆ ಗೆಳೆಯ ಫೋನ್ ಮಾಡಿದ. "ಓ ನೆಗೆಟಿವ್ ಬೇಕು ಕಣೋ, ನಿನ್ನ ಲಿಸ್ಟು ಇಬ್ಬರನ್ನೇ ತೋರಿಸ್ತಿದೆ. ಒಬ್ಬರು ಊರಲ್ಲಿಲ್ಲ, ಇನ್ನೊಬ್ಬರು ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದಾರೆ."

ನಂಗೆ ತಲೆಬುಡ ಅರ್ಥ ಆಗಲಿಲ್ಲ. ಹಿಂದಿನ ಭಾನುವಾರದ ಶಿಬಿರದಲ್ಲಿ ಬರೆಸಿಕೊಂಡ ಇನ್ನೂರು ಚಿಲ್ಲರೆ ಹೆಸರುಗಳನ್ನು ನಾನೇ ಕೂತು ಲೋಡ್ ಮಾಡಿದ್ದೆ. ಅಷ್ಟು ಜನರಲ್ಲಿ ಓ ನೆಗೆಟಿವ್‌ನವರು ಒಬ್ಬರೂ ಇಲ್ವಾ? ಕೊನೆಗೆ ಅವನು ಎಕ್ಸೆಲ್ ಫೈಲನ್ನೇ ಮೊಬೈಲಲ್ಲಿ ತೆರೆದು, ಒಂದೊಂದೇ ಸಾಲು ನೋಡುತ್ತಾ ಹೋಗಿ, ಒಬ್ಬರನ್ನು ನಿದ್ದೆಯಿಂದ ಎಬ್ಬಿಸಿ ಕರೆದುಕೊಂಡು ಹೋದ. ಅಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಪ್ರೋಗ್ರಾಂ ನಾನು ಪೈಥಾನ್‌ನಲ್ಲಿ ಬರೆದದ್ದು. ಮೊಬೈಲ್ ನಂಬರ್ ಕೊಟ್ಟರೆ ರಕ್ತದ ಗುಂಪು ಸಿಗಬೇಕು. ಅದಕ್ಕೆ ಡಿಕ್ಟ್ ಸಾಕು. ಆದರೆ ಜನ ಗುಂಪನ್ನು ಬರೆಯುವುದು ತಮಗೆ ತೋಚಿದ ಹಾಗೆ. ಒಬ್ಬರು 'ನೆಗೆಟಿವ್' ಅಂತ ಪೂರ್ತಿ ಬರೆದರೆ, ಇನ್ನೊಬ್ಬರು ಬರೀ ಒಂದು ಗೆರೆ ಎಳೆಯುತ್ತಾರೆ. ಹಾಗಾಗಿ ಡಿಕ್ಟ್‌ನಿಂದ ಒಂದು ಸಬ್‌ಕ್ಲಾಸ್ ಮಾಡಿ, ಒಳಗೆ ಹಾಕುವ ಮೆಥಡ್ ಆದ 'ಸೆಟ್‌ಐಟಂ' ಅನ್ನು ನಾನೇ ಬರೆದೆ. ಏನೇ ಬಂದರೂ ಅದು ಒಂದೇ ರೂಪಕ್ಕೆ ತಂದು ಇಡುತ್ತಿತ್ತು. ನಾಲ್ಕು ಹೆಸರು ಕೈಯಾರೆ ಹಾಕಿ ನೋಡಿದೆ, ಸರಿಯಾಗಿತ್ತು. ಫಾರ್ಮ್ ಮೂಲಕ ಒಬ್ಬೊಬ್ಬರಾಗಿ ಸೇರಿದವರದ್ದೂ ಸರಿಯಾಗಿತ್ತು. ಆ ಇಬ್ಬರು ಕಂಡದ್ದು ಅದಕ್ಕೇ.

ಶಿಬಿರದ ಹೆಸರುಗಳನ್ನು ಮಾತ್ರ 'ಅಪ್‌ಡೇಟ್' ಮೆಥಡ್‌ನಿಂದ ಒಟ್ಟಿಗೆ ಸುರಿದಿದ್ದೆ. ಅಪ್‌ಡೇಟ್ ನನ್ನ ಸೆಟ್‌ಐಟಂ ಅನ್ನು ಕರೆಯಲೇ ಇಲ್ಲ! ಮುಂಬಾಗಿಲಲ್ಲಿ 'ಕಾಲು ತೊಳೆದು ಒಳಗೆ ಬನ್ನಿ' ಅಂತ ಬೋರ್ಡ್ ಹಾಕಿ ನಾನು ನಿಶ್ಚಿಂತೆಯಿಂದ ಕೂತಿದ್ದೆ, ಇನ್ನೂರು ಜನ ಹಿತ್ತಿಲ ಬಾಗಿಲಿಂದ ಬಂದು ಕೂತಿದ್ದರು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಎರರ್ ಬಂದಿದ್ದರೆ ಭಾನುವಾರವೇ ಗೊತ್ತಾಗುತ್ತಿತ್ತು.

ಇದು ಬಗ್ ಅಲ್ಲ ಅನ್ನೋದೇ ಮೊದಲಿಗೆ ಸಿಟ್ಟು ತರಿಸಿದ್ದು. ನಾವೆಲ್ಲ ಬಳಸುವ ಪೈಥಾನ್, ಅಂದರೆ ಸಿಪೈಥಾನ್, ಸಿ ಭಾಷೆಯಲ್ಲಿ ಬರೆದದ್ದು. ಡಿಕ್ಟ್‌ನ ಅಪ್‌ಡೇಟ್ ಸಿ ಮಟ್ಟದಲ್ಲೇ ನೇರವಾಗಿ ಟೇಬಲ್‌ಗೆ ಬರೆಯುತ್ತದೆ. ಸಬ್‌ಕ್ಲಾಸ್ ಏನು ಬದಲಿಸಿದೆ ಅಂತ ಪ್ರತಿ ಸಲ ಕೇಳುತ್ತಾ ಕೂತರೆ ವೇಗ ಕುಸಿಯುತ್ತದೆ. ಮಾಡ್ಯೂಲ್‌ಗಳ ಗ್ಲೋಬಲ್ ಹೆಸರುಗಳನ್ನೂ ಪೈಥಾನ್ ಇಡುವುದು ಡಿಕ್ಟ್‌ನಲ್ಲೇ. ಕನ್‌ಸ್ಟ್ರಕ್ಟರ್, ಸೆಟ್‌ಡಿಫಾಲ್ಟ್ ಕೂಡ ಹೀಗೇ ನಮ್ಮನ್ನು ದಾಟಿ ಹೋಗುತ್ತವೆ. ನೀವು 'ಗೆಟ್‌ಐಟಂ' ಬದಲಿಸಿದರೂ 'ಗೆಟ್' ಕ್ಯಾರೇ ಅನ್ನುವುದಿಲ್ಲ. ಪೈಪೈ ಅನ್ನುವ ಇನ್ನೊಂದು ಪೈಥಾನ್‌ನ ದಾಖಲೆಯಲ್ಲಂತೂ, ಸಿಪೈಥಾನ್‌ನಲ್ಲಿ ಇದಕ್ಕೆ ಅಧಿಕೃತ ನಿಯಮವೇ ಇಲ್ಲ ಅಂತ ಬರೆದಿದ್ದಾರೆ. ಲಿಸ್ಟ್‌ನದ್ದೂ ಇದೇ ಜಾತಿಯ ಕಿರಿಕಿರಿ: ನಿಮ್ಮ ಸಬ್‌ಕ್ಲಾಸ್‌ನಿಂದ ಒಂದು ತುಂಡು ಕತ್ತರಿಸಿದರೆ ಕೈಗೆ ಬರುವುದು ಸಾದಾ ಲಿಸ್ಟ್.

2001ರ ಡಿಸೆಂಬರಿನಲ್ಲಿ ಪೈಥಾನ್ 2.2 ಬರುವ ತನಕ ಡಿಕ್ಟ್‌ನಿಂದ ಸಬ್‌ಕ್ಲಾಸ್ ಮಾಡಲಿಕ್ಕೇ ಆಗುತ್ತಿರಲಿಲ್ಲ. ಆಗ ಜನ ಬಳಸುತ್ತಿದ್ದದ್ದು 'ಯೂಸರ್‌ಡಿಕ್ಟ್'. ಹಳೆಯದು ಅಂತ ನಾನು ಯಾವತ್ತೂ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಅದು ಈಗಲೂ 'ಕಲೆಕ್ಷನ್ಸ್' ಮಾಡ್ಯೂಲಲ್ಲಿ ಇದೆ. ಪೈಥಾನ್‌ನಲ್ಲೇ ಬರೆದದ್ದು, ಒಳಗೊಂದು ಸಾದಾ ಡಿಕ್ಟ್ ಇಟ್ಟುಕೊಂಡಿರುತ್ತದೆ, ಅದರ ಅಪ್‌ಡೇಟ್ ಪ್ರತಿಯೊಂದನ್ನೂ ಸೆಟ್‌ಐಟಂ ಮೂಲಕವೇ ಕಳಿಸುತ್ತದೆ. ಕ್ಲಾಸ್‌ನ ಒಂದು ಹೆಸರು ಬದಲಿಸಿದೆ, ಅಷ್ಟೇ.

ಅಷ್ಟೇ ಅಂದುಕೊಂಡೆ. ಸಂಜೆ ಬ್ಯಾಕಪ್ ನಿಂತುಹೋಯಿತು. ಯೂಸರ್‌ಡಿಕ್ಟ್ ನಿಜವಾದ ಡಿಕ್ಟ್ ಅಲ್ಲವಲ್ಲ, ಹಾಗಾಗಿ ಜೇಸನ್ ಅದನ್ನು ಬರೆಯಲು ಒಪ್ಪದೆ ಟೈಪ್‌ಎರರ್ ಎಸೆಯಿತು. ಒಳಗಿನ 'ಡೇಟಾ' ಅನ್ನೋ ಸಾದಾ ಡಿಕ್ಟನ್ನು ಕೊಟ್ಟ ಮೇಲೆ ಸುಮ್ಮನಾಯಿತು. ಈ ಎರರ್ ನೋಡಿ ಮಾತ್ರ ನಂಗೆ ಬೇಜಾರಾಗಲಿಲ್ಲ, ಕಣ್ಣಿಗಾದರೂ ಕಂಡಿತಲ್ಲ.

ಶಿಬಿರದ ಫೈಲನ್ನು ಮತ್ತೆ ಸುರಿದು ಓ ನೆಗೆಟಿವ್ ಹುಡುಕಿದೆ. ಏಳು ಹೆಸರು ಬಂದವು. ಆ ರಾತ್ರಿ ಎಬ್ಬಿಸಿದವರದ್ದು ನಾಲ್ಕನೆಯದು. ಅವರ ಮುಂದೆ ಕೊಟ್ಟ ತಾರೀಖು ಬರೆದು ಗೆಳೆಯನಿಗೆ ಕಳಿಸಿದೆ.