ಸೊಳ್ಳೆಗೆ ಬಿಟ್ಟ ಹೊಗೆ, ಹೀರೆಕಾಯಿಗೆ ಪೆಟ್ಟು

ಕಳೆದ ಮಳೆಗಾಲದಲ್ಲಿ ಜೆ.ಪಿ. ನಗರದ ಒಂದು ತಾರಸಿ ತೋಟದಲ್ಲಿ ಹೀರೆ ಚಪ್ಪರ ಹಾಕಿದ್ದೆ. ಹೂವೇನೋ ಬೇಕಾದಷ್ಟು ಬಂತು. ಆದ್ರೆ ಹೀಚುಗಳೆಲ್ಲ ಹಳದಿಯಾಗಿ ಉದುರಿದವು. ಗೊಬ್ಬರ ಕಮ್ಮಿಯಾಯ್ತಾ, ಹಣ್ಣುನೊಣ ಬಿತ್ತಾ ಅಂತ ಹುಡುಕಿದೆ. ಮನೆಯವರು ಹೇಳಿದ್ರು: "ಮೂರು ದಿನದಿಂದ ಸಂಜೆ ಹೊಗೆ ಬಿಡ್ತಿದ್ದಾರಲ್ಲಪ್ಪ!"

ಹೀರೆ ಹೂ ಅರಳೋದು ಸಂಜೆ 5ರ ಸುಮಾರಿಗೆ. ಫಾಗಿಂಗ್ ಯಂತ್ರ ಬರೋದೂ ಆಗಲೇ. ಮೆಲಾಥಿಯಾನ್‌ನಂಥ ಕೀಟನಾಶಕವನ್ನು ಡೀಸೆಲ್‌ನಲ್ಲಿ ಬೆರೆಸಿ, ಬಿಸಿ ಮಾಡಿ ಮಂಜಿನಂತೆ ಹರಡ್ತಾರೆ. ಅದಕ್ಕೆ ಸೊಳ್ಳೆ ಯಾವುದು, ಜೇನು ಯಾವುದು ಗೊತ್ತಿಲ್ಲ. ಮರುದಿನ ನಾನೇ ಗಂಡು ಹೂವಿನ ಪರಾಗವನ್ನು ಕೆಲವು ಹೆಣ್ಣು ಹೂಗಳಿಗೆ ಮುಟ್ಟಿಸಿದೆ. ಅವು ಮಾತ್ರ ಕಾಯಿ ಕಟ್ಟಿದವು. ಹೊಗೆ ತಾಗಿದ ಸೊಪ್ಪನ್ನು ಸಾವಯವ ಅಂತ ಮಾರೋಕೆ ಮನಸ್ಸು ಬರಲಿಲ್ಲ, ಗೊಬ್ಬರದ ಗುಂಡಿಗೆ ಹಾಕಿದೆ.

ನನಗಿಂತ ಹೆಚ್ಚು ಅಪಾಯ ಯಂತ್ರ ಹೊತ್ತ ಹುಡುಗನಿಗೆ. ಮುಖಕ್ಕೆ ಕರ್ಚೀಫ್ ಕಟ್ಟಿದ್ರೆ ಆ ಆವಿ ನಿಲ್ಲಲ್ಲ. ಕಾರ್ಟ್ರಿಡ್ಜ್ ಇರುವ ಮಾಸ್ಕ್, ಕನ್ನಡಕ, ಕೈಗವಸು ಬೇಕು. ತಲೆನೋವು, ವಾಕರಿಕೆ, ಕಣ್ಣು ಮಂಜು ಬಂದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕು.

ಹಾಗಂತ ಹೊಗೆಯೇ ಬೇಡ ಅನ್ನೋಕಾಗಲ್ಲ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ಆದ್ರೆ ಹೊಗೆ ಸಾಯಿಸೋದು ಹಾರುವ ಸೊಳ್ಳೆಯನ್ನು ಮಾತ್ರ, ನೀರಲ್ಲಿರುವ ಮರಿಯನ್ನಲ್ಲ. ಆ ಮರಿ ಎಲ್ಲಿದೆ? ಅದೇ ತಾರಸಿಯ ಡ್ರಮ್ಮಲ್ಲಿ, ಕುಂಡದ ಕೆಳಗಿನ ತಟ್ಟೆಯಲ್ಲಿ ನನಗೂ ಸಿಕ್ತು! ಹೊಗೆಯನ್ನು ಕರೆಸಿಕೊಂಡವರಲ್ಲಿ ನಾನೂ ಒಬ್ಬ.

ಸ್ನೇಹಿತರೇ, ಇಷ್ಟು ಮಾಡಿ:

• ವಾರಕ್ಕೊಮ್ಮೆ ಡ್ರಮ್, ತಟ್ಟೆ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೀರಿ. ಮೊಟ್ಟೆ ಅಂಟಿರೋದು ಗೋಡೆಗೆ. ಸೊಳ್ಳೆಯಾಗೋಕೆ 7ರಿಂದ 10 ದಿನ ಸಾಕು.
• ಖಾಲಿ ಮಾಡಲಾಗದ ತೊಟ್ಟಿಗೆ ಗಪ್ಪಿ ಮೀನು ಬಿಡಿ, ಡ್ರಮ್ಮಿಗೆ ಬಟ್ಟೆ ಬಿಗಿಯಾಗಿ ಕಟ್ಟಿ.
• ಫಾಗಿಂಗ್ ಯಾವತ್ತು ಅಂತ ಮೊದಲೇ ಕೇಳಿಕೊಳ್ಳಿ. ಅದಕ್ಕೂ ಮುಂಚೆ ಸೊಪ್ಪು ಕೊಯ್ದುಬಿಡಿ, ಉಳಿದ ಗಿಡ ಮುಚ್ಚಿ.
• ಬೆಳಗ್ಗೆ ಹೊಗೆ ಬಿಡೋದಾದ್ರೆ, ಗಾಳಿಯಾಡುವಂತೆ ನೋಡಿಕೊಂಡು ಜೇನು ಪೆಟ್ಟಿಗೆಯ ಬಾಗಿಲನ್ನು ಹಿಂದಿನ ರಾತ್ರಿಯೇ ಮುಚ್ಚಿ. ಹೊಗೆ ಪೂರ್ತಿ ಕರಗಿದ ಮೇಲೆ ತೆಗೀರಿ.
• ಆಮೇಲೆ ಕೆಲವು ದಿನ ಹೀರೆಗೆ ಸಂಜೆ, ಕುಂಬಳಕ್ಕೆ ಬೆಳಗ್ಗೆ ನೀವೇ ಪರಾಗ ಮುಟ್ಟಿಸಿ.

ಈ ಭಾನುವಾರ ಮೊದಲು ನಿಮ್ಮ ಡ್ರಮ್ಮಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ.