ಬಾಡಿಗೆ ಸಲ್ಲದ ಹಡಗು

ಚಾರ್ಮಾಡಿ ಘಟ್ಟವನ್ನಿಳಿದು ಬೆಳ್ತಂಗಡಿಯ ಸೀಮೆಯನ್ನು ಹಾಯ್ದು ಬಂದ ಸರಕು ಬಂಟ್ವಾಳದ ಪೇಟೆಯಲ್ಲಿ ದೋಣಿಯೇರಿ ನೇತ್ರಾವತಿಯ ಹರಿವಿನೊಡನೆ ಮಂಗಳೂರಿನ ಬಂದರವನ್ನು ಸೇರುತ್ತಿದ್ದ ಕಾಲವೊಂದಿತ್ತು. ಅದಕ್ಕೂ ಹಿಂದೆ, ಹದಿನೈದನೆಯ ಶತಮಾನದಲ್ಲಿ, ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಕಲ್ಲಿನಲ್ಲಿ ಜಿರಾಫೆಯೂ ಚೀನದ ಡ್ರ್ಯಾಗನ್ನೂ ಮೂಡಿದ್ದುವೆಂದ ಮೇಲೆ, ಈ ಒಳನಾಡಿನ ಪೇಟೆಗಳ ಬಾಳು ಕಡಲಿನೊಡನೆ ಎಷ್ಟು ಬೆಸೆದುಕೊಂಡಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಂದು ಈ ಸೀಮೆಯ ಗೇರುಬೀಜದ ಕಾರ್ಖಾನೆಗಳಿಗೆ ಆಫ್ರಿಕದ ಕಚ್ಚಾ ಬೀಜ ಇಳಿಯುವುದು 1975ರಲ್ಲಿ ಉದ್ಘಾಟನೆಗೊಂಡ ಪಣಂಬೂರಿನ ನವಮಂಗಳೂರು ಬಂದರದಲ್ಲಿ. ಆದರೆ ಸರಕು ಹೊತ್ತ ಹಡಗು ಅದನ್ನು ನಡೆಸುವವನದೇ ಆಗಿರಬೇಕೆಂಬ ನಿಯಮವಿಲ್ಲ. ಒಡೆಯನೊಬ್ಬ, ಬಾಡಿಗೆಗೆ ಪಡೆದವನು ಮತ್ತೊಬ್ಬ.

ಚಾರ್ಟರ್ ಪಾರ್ಟಿಯೆಂಬ ಕರಾರಿನ ಮೇರೆಗೆ ಹಡಗನ್ನು ನಿಯತಕಾಲಕ್ಕೆ ಪಡೆದವನು ದಿನವೊಂದಕ್ಕೆ ಇಷ್ಟೆಂದು ಗೊತ್ತಾದ ಬಾಡಿಗೆಯನ್ನು ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಮುಂಗಡವಾಗಿಯೇ ಸಲ್ಲಿಸತಕ್ಕದ್ದು. ಇಂಧನವೂ ಬಂದರು ಶುಲ್ಕವೂ ಅವನ ಹೊಣೆ, ಕಪ್ತಾನ ನಾವಿಕರ ಸಂಬಳವೂ ವಿಮೆಯೂ ಒಡೆಯನ ಹೊಣೆ. ಸರಕು ಸಿಗದೆ ಹಡಗು ಲಂಗರು ಹಾಕಿ ನಿಂತರೂ ಬಾಡಿಗೆ ಓಡುತ್ತಲೇ ಇರುತ್ತದೆ. ಯಂತ್ರ ಕೆಟ್ಟಿತೆಂದೋ, ಹಡಗಿನ ತಳಕ್ಕೆ ಪಾಚಿ ಚಿಪ್ಪುಗಳು ಅಂಟಿ ವೇಗ ಕುಂದಿತೆಂದೋ ಬಾಡಿಗೆದಾರನು ಹಣ ಮುರಿದುಕೊಂಡಾಗ ವ್ಯಾಜ್ಯಗಳು ಹುಟ್ಟುತ್ತವೆ. ಒಂದು ದಿನದ ವಿಳಂಬವೂ ಸಾಮಾನ್ಯದ್ದಲ್ಲ. ‘ಲಕೋನಿಯಾ’ ಹಡಗಿನ ಬಾಡಿಗೆಯ ಕಂತು ಸಲ್ಲಬೇಕಾಗಿದ್ದ 1970ರ ಏಪ್ರಿಲ್ 12 ಭಾನುವಾರವಾಗಿ, ಬ್ಯಾಂಕು ಮುಚ್ಚಿದ್ದುದರಿಂದ ಹಣ ಸೋಮವಾರ ಬಂದಿತು. ಒಡೆಯರು ಹಡಗನ್ನೇ ಹಿಂತೆಗೆದುಕೊಂಡರು. 1977ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಅದು ಸರಿಯೆಂದಿತು. ಕರಾರಿನ ಅಕ್ಷರಕ್ಕೆ ಅದು ಸಮ್ಮತವೇ ಇರಬಹುದು. ನನಗಂತೂ ಆ ತೀರ್ಪು ಕಠೋರವೆಂದೇ ತೋರುತ್ತದೆ.

ಈ ಜಗಳದ ಬಿಸಿ ಆ ಹಡಗಿನಲ್ಲಿ ಸರಕು ಸಾಗಿಸುವ ವರ್ತಕನಿಗೂ ತಟ್ಟುವುದುಂಟು. ಬಾಡಿಗೆದಾರನಿಗೆ ವರ್ತಕನಿಂದ ಇನ್ನೂ ಸಲ್ಲಬೇಕಾದ ಸಾಗಾಟದ ಹಣವನ್ನು ತನಗೇ ಕೊಡಬೇಕೆಂದು ಒಡೆಯನು, ಕರಾರಿನಲ್ಲಿ ಅಂಥ ಹಕ್ಕಿದ್ದರೆ, ನೋಟೀಸು ಕೊಡಬಲ್ಲನು; ಅದನ್ನು ಕಡೆಗಣಿಸಿ ಬಾಡಿಗೆದಾರನಿಗೇ ಪಾವತಿ ಮಾಡಿದ ವರ್ತಕನು ಎರಡನೆಯ ಬಾರಿ ತೆರಬೇಕಾದೀತು.

ಇಂಥ ವ್ಯಾಜ್ಯಗಳಿಗೆ ನ್ಯಾಯಾಲಯದ ಬಾಗಿಲು ನಮಗೆ ಬಹುಕಾಲ ದೂರವಿತ್ತು. 1890ರ ವಸಾಹತು ಕಾಯಿದೆಯ ಪರಂಪರೆಯಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳ ಹೈಕೋರ್ಟುಗಳಿಗೆ ಮಾತ್ರವೇ ಹಡಗಿನ ವ್ಯಾಜ್ಯಗಳನ್ನು ವಿಚಾರಿಸುವ ಅಧಿಕಾರವೆಂಬ ಭಾವನೆಯನ್ನು 1992ರಲ್ಲಿ ‘ಎಂ.ವಿ. ಎಲಿಸಬೆತ್’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. 2017ರ ನೌಕಾ ಕಾಯಿದೆ 2018ರ ಏಪ್ರಿಲ್ 1ರಂದು ಜಾರಿಗೆ ಬಂದು, ಕರ್ನಾಟಕ ಹೈಕೋರ್ಟನ್ನು ಹೆಸರಿಸಿಯೇ ಅಧಿಕಾರವಿತ್ತಿತು. ಹಡಗಿನ ಬಳಕೆ, ಬಾಡಿಗೆಗಳ ಕರಾರೂ ಅದರ ನಾಲ್ಕನೆಯ ಕಲಮಿನೊಳಗೆ ಬರುತ್ತದೆ. ಬಾಡಿಗೆ ಸಿಗದ ಒಡೆಯನು ತನ್ನ ಹಡಗನ್ನೇ ಜಪ್ತಿ ಮಾಡಿಸಿ ಫಲವಿಲ್ಲವಾದ್ದರಿಂದ, ಬಾಡಿಗೆದಾರನ ಸ್ವಂತದ ಬೇರೊಂದು ಹಡಗು ನಮ್ಮ ಜಲಸೀಮೆಗೆ ಬಂದುದನ್ನು ಹುಡುಕಿ ಹಿಡಿಯಬೇಕು. ಆಜ್ಞೆಯ ಪ್ರತಿಯನ್ನು ಹಡಗಿಗೆ ಅಂಟಿಸಿದರೆ, ತಕ್ಕ ಭದ್ರತೆ ಕೊಡುವವರೆಗೆ ಅದು ಬಂದರು ಬಿಡುವಂತಿಲ್ಲ.

ಭದ್ರತೆ ಬಾರದೆ ಹಡಗು ಹರಾಜಾದರೆ, ಬಾಡಿಗೆಯ ಬಾಕಿಯಂಥ ಸಾಧಾರಣ ಹಕ್ಕುಗಳ ಸರದಿ ಅಡಮಾನದ ಸಾಲಕ್ಕಿಂತಲೂ ಹಿಂದೆ. ಎಲ್ಲಕ್ಕಿಂತ ಮೊದಲು ತೀರಬೇಕಾದುದು, ವಾದಿ ಪ್ರತಿವಾದಿಗಳ ಹೋರಾಟದಲ್ಲಿ ಮನೆಯಿಂದ ದೂರ ಡೆಕ್ಕಿನ ಮೇಲೆ ಸಿಲುಕಿದ ನಾವಿಕರ ಸಂಬಳದ ಬಾಕಿ. ಹಡಗಿನ ಒಡೆತನ ಕೈಬದಲಾದರೂ ಆ ಹಕ್ಕು ಹಡಗನ್ನು ಬಿಡದು.