ಬರೀ ಹುಳುಕಡ್ಡಿ ಅನ್ನುವ ಮುನ್ನ

ನಾನು ಮುಂಬೈನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವೈದ್ಯಕೀಯ ನನ್ನ ಕ್ಷೇತ್ರವಲ್ಲ. ಆದರೆ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಮಕ್ಕಳನ್ನು ಕರೆತರುವ ನಮ್ಮ ಕಡೆಯವರಿಗೆ ಹಿಂದಿ, ಮರಾಠಿ ತೊಡಕಾದಾಗ ರಜೆಯ ದಿನ ಜೊತೆಗಿರುತ್ತೇನೆ. ವೈದ್ಯರ ಮಾತನ್ನು ಕನ್ನಡದಲ್ಲಿ ದಾಟಿಸುತ್ತಾ ಕಲಿತ ಒಂದು ಸಂಗತಿ ಇಲ್ಲಿದೆ.

ಕಳೆದ ಮಳೆಗಾಲ, ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಹುಡುಗನ ತಾಯಿ ಅವನ ಸೊಂಟದ ಮೇಲಿನ ಕಲೆ ತೋರಿಸಿ, ‘ಹುಳಕಡ್ಡಿ ಐತಣ್ಣಾ, ಅಂಗಡ್ಯಾಗಿಂದ ಮುಲಾಮು ತಂದೀನಿ, ಹಚ್ಚಲೇನು?’ ಎಂದರು. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ‘ಕ್ಲೋಬೆಟಸಾಲ್’ ಎಂದಿತ್ತು. ‘ಬ್ಯಾಡ್ರಿ ಅಕ್ಕಾ, ಮೊದಲು ಡಾಕ್ಟರಿಗೆ ತೋರ್ಸೂಣು’ ಎಂದೆ. ವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಶಿಲೀಂಧ್ರವೆಂದು ಖಚಿತಪಡಿಸಿಕೊಂಡೇ ಔಷಧ ಬರೆದರು.

ಕ್ಲೋಬೆಟಸಾಲ್ ಕಡು ಸ್ಟೀರಾಯ್ಡ್. ಹಚ್ಚಿದರೆ ತುರಿಕೆ, ಕೆಂಪು ಇಳಿಯುತ್ತವೆ. ಶಿಲೀಂಧ್ರ ಮಾತ್ರ ಸದ್ದಿಲ್ಲದೆ ಹರಡುತ್ತದೆ. 2018ರಲ್ಲೇ ಇಂಥ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ, ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಕೇಳಿದರೆ ಸಿಗುತ್ತವೆ.

ಆರೋಗ್ಯವಂತ ಮಗುವಿಗೆ ಹುಳುಕಡ್ಡಿ ಬರೀ ಕಿರಿಕಿರಿ. ಕಿಮೋ ಪಡೆಯುವ ಮಗುವಿನ ಕತೆ ಬೇರೆ. ಸೋಂಕಿನ ವಿರುದ್ಧ ಮೊದಲು ಹೋರಾಡುವ ನ್ಯೂಟ್ರೋಫಿಲ್ ಕಣಗಳು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆಯಾದರೆ ಅಪಾಯ ಹೆಚ್ಚು. ಕೆಂಪಾಗಲು, ಕೀವಾಗಲು ಸಹ ಆ ಕಣಗಳೇ ಬೇಕು. ಹಾಗಾಗಿ ಸೋಂಕು ದೊಡ್ಡದಿದ್ದರೂ ಹೊರಗೆ ಕಾಣುವ ಗುರುತು ಸಣ್ಣದಿರಬಹುದು. ಬಾಯಿಯಲ್ಲಿ ಬಿಳಿ ಪದರ, ತೊಡೆಸಂದಿಯ ಕೆಂಪು ಕ್ಯಾಂಡಿಡಾದಿಂದ ಬಂದಿರಬಹುದು. ಸಲೈನ್ ಸೂಜಿಯ ಪಟ್ಟಿಯ ಕೆಳಗೆ ಕಪ್ಪಾಗುವ ಗಾಯ ಆಸ್ಪರ್ಜಿಲಸ್ ಅಥವಾ ಮ್ಯೂಕರ್ ಜಾತಿಯ ಬೂಷ್ಟಿನದೂ ಆಗಿರಬಹುದು. ಅವು ರಕ್ತನಾಳಕ್ಕೇ ನುಗ್ಗುತ್ತವೆ. ಇದರ ಜೊತೆ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು.

ಮಾತ್ರೆಯ ವಿಷಯದಲ್ಲೂ ಎಚ್ಚರ ಬೇಕು. ಶಿಲೀಂಧ್ರಕ್ಕೆ ಕೊಡುವ ಇಟ್ರಾಕೊನಜೋಲ್, ಈ ಮಕ್ಕಳಿಗೆ ಕೊಡುವ ವಿನ್‌ಕ್ರಿಸ್ಟೀನ್ ದೇಹದಿಂದ ಹೊರಹೋಗುವುದನ್ನು ತಡೆಯುತ್ತದೆ. ಆಗ ನರಗಳಿಗೆ ಪೆಟ್ಟು, ತೀವ್ರ ಮಲಬದ್ಧತೆ, ಫಿಟ್ಸ್ ಕೂಡ ಬರಬಹುದು. ಬಿಡಿಬಿಡಿಯಾಗಿ ಸರಿಯಿರುವ ಎರಡು ಪ್ರೋಗ್ರಾಮ್‌ಗಳು ಒಟ್ಟಿಗೆ ಓಡಿದಾಗ ಇಡೀ ವ್ಯವಸ್ಥೆ ಕುಸಿಯುವುದನ್ನು ನನ್ನ ವೃತ್ತಿಯವರು ಬಲ್ಲರು.

ಮುಂಬೈ ಮಳೆಯಲ್ಲಿ, ಇಕ್ಕಟ್ಟಿನ ಬಾಡಿಗೆ ಕೋಣೆಯಲ್ಲಿ ಬಟ್ಟೆ ಒಣಗುವುದೇ ಕಷ್ಟ. ಮಗುವಿಗೆ ಬೇರೆ ಟವೆಲ್ ಇರಲಿ, ಒಳಉಡುಪು ಪೂರ್ತಿ ಒಣಗಿರಲಿ, ಸ್ನಾನದ ನಂತರ ಮೈಯ ಮಡಿಕೆಗಳಲ್ಲಿ ತೇವ ಉಳಿಯದಿರಲಿ. ಮನೆಯಲ್ಲಿ ಇನ್ಯಾರಿಗಾದರೂ ತುರಿಕೆಯಿದ್ದರೆ ಅವರಿಗೂ ಚಿಕಿತ್ಸೆ ಆಗಲಿ.

ನಿಮ್ಮ ಊರಿಗೂ ಇಂಥವರು ಬಂದರೆ ಜೊತೆಗೆ ಹೋಗಿ. ಔಷಧ ಹೇಳುವುದು ನಮ್ಮ ಕೆಲಸವಲ್ಲ. ಅವರ ಚೀಲದಲ್ಲಿರುವ ಪ್ರತಿಯೊಂದು ಟ್ಯೂಬು, ಮಾತ್ರೆ, ನಾಟಿ ಎಣ್ಣೆ ವೈದ್ಯರ ಮೇಜಿನ ಮೇಲೆ ಬರುವಂತೆ ನೋಡಿಕೊಂಡರೆ ಸಾಕು.